ಮೂರನೆಯ ಮಾತು



ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲಹಳ್ಳಿಯ ನಮ್ಮ ಮನೆಗೆ ಬಂದಿದ್ದ. ಶಾಲೆಯಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತು ಸೈಕಲ್ಲಿನ ಡೈನಮೋ ಬಿಚ್ಚುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ವಿಮಾನಗಳ ನಿರ್ವಹಣೆಯ ಕೆಲಸದಲ್ಲಿದ್ದಾನೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಇದ್ದಕ್ಕಿದ್ದಂತೆ ಕೇಳಿದ: “ಸರ್, ನಮ್ಮ ವರ್ಗದಾಗ ನಿಮ್ಮದೊಂದು ಮೂರನೇ ಮಾತಿನ ಕಾಯ್ದೆ ಇತ್ತಲ್ರಿ, ಅದನ್ನ ನೀವು ಎಲ್ಲಿ ಕಲಿತ್ರಿ?”

ನನ್ನ ಬಳಿ ಓದಿದವರಿಗೆ ಆ ಕಾಯ್ದೆ ನೆನಪಿರಬಹುದು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ದಿನವೇ ಅದನ್ನು ಹೇಳಿಬಿಡುತ್ತಿದ್ದೆ. ಹಲಗೆಯ ಮೇಲೆ ಗಣಿತ ಬಿಡಿಸುವಾಗ ನಾನು ತಪ್ಪಿದೆನೆಂದು ಯಾರಿಗಾದರೂ ಅನ್ನಿಸಿದರೆ ಕುಳಿತಲ್ಲಿಂದಲೇ ಒಮ್ಮೆ ಹೇಳಬೇಕು. ನಾನು ಕಿವಿಗೊಡದಿದ್ದರೆ ಎದ್ದು ನಿಂತು ಎರಡನೆಯ ಬಾರಿ ಹೇಳಬೇಕು. ಆಗಲೂ ನಾನು ಮುಂದುವರಿದರೆ ಮೂರನೆಯ ಬಾರಿಗೆ ಬಾಯಿಮಾತು ಬೇಡ. ನೇರವಾಗಿ ಹಲಗೆಯ ಬಳಿಗೆ ಬಂದು ನನ್ನ ಕೈಯಿಂದ ಖಡುವನ್ನು ತೆಗೆದುಕೊಳ್ಳಬೇಕು. ಬಂದವರದೇ ತಪ್ಪೆಂದು ಆಮೇಲೆ ತಿಳಿದರೂ ನಾನು ಗದರುವಂತಿಲ್ಲ, ಉಳಿದವರು ನಗುವಂತಿಲ್ಲ. ಒಮ್ಮೆ ಶಾಲಾ ತಪಾಸಣೆಗೆ ಬಂದಿದ್ದ ಸಾಹೇಬರ ಎದುರಿಗೇ ಎಂಟನೆಯ ವರ್ಗದ ಹುಡುಗಿಯೊಬ್ಬಳು ಬಂದು ನನ್ನ ಕೈಯ ಖಡುವನ್ನು ಕಸಿದುಕೊಂಡಳು. ಋಣ ಚಿಹ್ನೆಯೊಂದನ್ನು ನಾನು ಬಿಟ್ಟಿದ್ದೆ. ಸಾಹೇಬರು ಹೌಹಾರಿದರು, ಮಕ್ಕಳು ಮಾತ್ರ ಇದೇನೂ ಹೊಸದಲ್ಲವೆಂಬಂತೆ ಕುಳಿತಿದ್ದರು.

“ನಮ್ಮ ವಿಮಾನದ ಮಂದಿ ಇದನ್ನ ಭಾಳ ಜೀವ ಹೋದ ಮ್ಯಾಲೆ ಕಲಿತರು ಸರ್. ನೀವು ಹಳ್ಳಿ ಸಾಲ್ಯಾಗ ಹೆಂಗ ಕಲಿತ್ರಿ ಅನ್ನೂದs ನನಗ ಸೋಜಿಗ” ಎಂದ.

ನಾನು ಉತ್ತರ ಕೊಡಲಿಲ್ಲ. ಇನ್ನೊಂದಿಷ್ಟು ಕರದಂಟು ತಿನ್ನಲು ಹೇಳಿ ಮಾತು ಮರೆಸಿದೆ. ಅವನು ಬೆಂಗಳೂರಿಗೆ ಮರಳಿದ ಮೇಲೆ ಮಂಗಳೂರು ವಿಮಾನ ದುರಂತದ ತನಿಖಾ ವರದಿಯನ್ನು ನನ್ನ ಮಿಂಚಂಚೆಗೆ ಕಳುಹಿಸಿದ. ನಿಘಂಟನ್ನು ಮಗ್ಗುಲಿಗಿಟ್ಟುಕೊಂಡು ಅದನ್ನು ಓದಿದೆ. ಅದರ ಬೆನ್ನಿಗೇ ಬೇರೆ ಅಪಘಾತಗಳ ವಿವರಗಳನ್ನೂ ಓದಿದೆ. ಓದುತ್ತ ಹೋದಂತೆ ಅವನ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಸಾಧ್ಯವಿಲ್ಲವೆನ್ನಿಸಿತು. ಈ ಬರಹ ಆ ಉತ್ತರ.

ಮೊದಲು ನಮ್ಮ ಚಕ್ಕಡಿಯ ಮಾತಿನಿಂದ ಆರಂಭಿಸುತ್ತೇನೆ. ನಾನು ಚಿಕ್ಕವನಿದ್ದಾಗ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜಾತ್ರೆಗೆ ಹೋಗುವುದೆಂದರೆ ಚಕ್ಕಡಿಯಲ್ಲೇ. ಹೊರಡುವ ಮುಂಚೆ ನಮ್ಮ ತಂದೆಯವರು ಚಕ್ಕಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದರು. ಎಡಗಾಲಿಯ ಕಡೆಗೀಲು, ಬಲಗಾಲಿಯ ಕಡೆಗೀಲು, ನೊಗದ ಹಗ್ಗ, ಜತ್ತಿಗೆ, ಕೀಲೆಣ್ಣೆಯ ಗೊಟ್ಟ, ಎತ್ತಿನ ಹಣೆ. ಒಂದೊಂದನ್ನೂ ಕೈಯಿಂದ ಮುಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಉತ್ತರ ಕೊಟ್ಟು, ಮತ್ತೆ ಎಡಗಾಲಿಯಿಂದಲೇ ಶುರು ಮಾಡುತ್ತಿದ್ದರು. ತಾಯಿಯವರು ಹೊತ್ತಾಯಿತೆಂದು ಗೊಣಗಿದರೆ ಅವರ ಉತ್ತರ ಒಂದೇ: “ನೋಡಿದ್ದು ಮರೀತೈತಿ, ಮುಟ್ಟಿದ್ದು ಮರೆಯಂಗಿಲ್ಲ.” ಅವರು ಓದು ಬಲ್ಲವರಾಗಿರಲಿಲ್ಲ. ಆದರೆ ವಿಮಾನ ಚಾಲಕರು ‘ಚೆಕ್‌ಲಿಸ್ಟ್’ ಎಂದು ಕರೆಯುವ ವಸ್ತುವಿನ ಒಳಮರ್ಮವನ್ನು ಬಲ್ಲವರಾಗಿದ್ದರು.

ವಿಮಾನ ಲೋಕಕ್ಕೆ ಈ ಪಟ್ಟಿ ಬಂದುದರ ಹಿಂದೆ ಒಂದು ಸಾವಿನ ಕಥೆಯಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್ ಎಂಬಲ್ಲಿ ಬೋಯಿಂಗ್ ಸಂಸ್ಥೆಯ ‘ಮಾಡೆಲ್ 299’ ಎಂಬ ಹೊಸ ಯುದ್ಧವಿಮಾನ ಪರೀಕ್ಷಾ ಹಾರಾಟಕ್ಕೆ ಹೊರಟಿತು. ನೆಲಬಿಟ್ಟು ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಉರುಳಿ ಬಿತ್ತು. ಅದನ್ನು ಹಾರಿಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ನುರಿತ ಪರೀಕ್ಷಾ ಚಾಲಕ. ಅವರೂ, ಬೋಯಿಂಗ್‌ನ ಚಾಲಕ ಲೆಸ್ಲಿ ಟವರ್ ಅವರೂ ಪ್ರಾಣ ಕಳೆದುಕೊಂಡರು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ರೆಕ್ಕೆಬಾಲಗಳ ಅಂಗಗಳು ಗಾಳಿಗೆ ಬಡಿದಾಡದಿರಲೆಂದು ಹಾಕುವ ಬೀಗವೊಂದನ್ನು ತೆಗೆಯಲು ಮರೆತಿದ್ದರು. ಮರೆತವರು ಅನನುಭವಿಗಳಾಗಿದ್ದರೆ ಇನ್ನಷ್ಟು ತರಬೇತಿ ಕೊಡಿಸಬಹುದಿತ್ತು. ಅತ್ಯಂತ ಬಲ್ಲವರೇ ಮರೆತಾಗ ಮಾಡುವುದೇನು? ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಕಾಗದದ ಒಂದು ಪಟ್ಟಿ. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಿಂದ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ಇಂದು ವಿಮಾನ ಇಳಿಯುವ ಮುನ್ನ ಓದುವ ಪಟ್ಟಿ ಕೆಲವೇ ಸಾಲುಗಳದು. ಚಕ್ರಗಳು ಇಳಿದಿವೆಯೇ, ರೆಕ್ಕೆಯ ಅಂಚಿನ ಫ್ಲ್ಯಾಪುಗಳು ತಕ್ಕಷ್ಟು ಚಾಚಿವೆಯೇ, ನೆಲ ಮುಟ್ಟಿದೊಡನೆ ವೇಗ ತಗ್ಗಿಸುವ ಹಲಗೆಗಳು ಎದ್ದೇಳಲು ಸಜ್ಜಾಗಿವೆಯೇ. ಒಬ್ಬ ಓದಬೇಕು, ಇನ್ನೊಬ್ಬ ಕಣ್ಣಾರೆ ನೋಡಿ ಉತ್ತರಿಸಬೇಕು. ನಡುವೆ ಯಾರಾದರೂ ತಡೆದರೆ ಎಲ್ಲಿದ್ದೆವೆಂದು ಊಹಿಸಿ ಮುಂದುವರಿಯುವುದಕ್ಕಿಂತ ಮತ್ತೆ ಮೊದಲಿನಿಂದ ಓದುವುದೇ ಕ್ಷೇಮ. ನಮ್ಮ ತಂದೆಯವರ ಎಡಗಾಲಿ!

ಇಷ್ಟು ಸುಲಭವಾದ ಪಟ್ಟಿ ತಪ್ಪುವುದಾದರೂ ಹೇಗೆ? ಸಾಮಾನ್ಯವಾಗಿ ಚಿಕ್ಕದೊಂದು ವಿಷಯ ದೊಡ್ಡದರ ಮೇಲಿನ ಲಕ್ಷ್ಯವನ್ನು ಕದ್ದೊಯ್ಯುತ್ತದೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಿಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದಲ್ಲಿ ಮುಂಚಕ್ರ ಇಳಿದಿದೆಯೆಂದು ತೋರಿಸುವ ಪುಟ್ಟ ದೀಪ ಹತ್ತಲಿಲ್ಲ. ಚಾಲಕರ ಕೋಣೆಯಲ್ಲಿದ್ದವರೆಲ್ಲ ಆ ದೀಪದ ಚಿಂತೆಯಲ್ಲಿ ಮುಳುಗಿದರು. ಸ್ವಯಂಚಾಲನೆ ಎತ್ತರವನ್ನು ಕಾಯುತ್ತಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ನಿಧಾನವಾಗಿ ಕೆಳಗಿಳಿದು ಜೌಗು ಪ್ರದೇಶಕ್ಕೆ ಅಪ್ಪಳಿಸಿತು. 101 ಜನ ಸತ್ತರು. ಚಕ್ರ ಇಳಿದೇ ಇತ್ತು, ದೀಪದ ಬಲ್ಬು ಮಾತ್ರ ಸುಟ್ಟಿತ್ತು. ಎರಡು ವರ್ಷಗಳ ಬಳಿಕ ಅದೇ ಸಂಸ್ಥೆಯ ಇನ್ನೊಂದು ವಿಮಾನ ಶಾರ್ಲಟ್ ನಗರದ ಬಳಿ ಬಿದ್ದಾಗ, ಇಳಿಯುವ ಹೊತ್ತಿನಲ್ಲಿ ಚಾಲಕರು ಹಾರಾಟಕ್ಕೆ ಸಂಬಂಧವಿಲ್ಲದ ಮಾತುಕತೆಯಲ್ಲಿದ್ದುದು ಬೆಳಕಿಗೆ ಬಂತು. ಇಂಥ ಅನುಭವಗಳ ಫಲವಾಗಿ 1981ರಲ್ಲಿ ಅಮೆರಿಕ ಒಂದು ನಿಯಮ ತಂದಿತು: ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರುವಾಗ ಚಾಲಕರು ಹಾರಾಟಕ್ಕೆ ಸಂಬಂಧಿಸದ ಮಾತಾಡಕೂಡದು, ಕೆಲಸ ಮಾಡಕೂಡದು. ಊಟಕ್ಕೆ ಕುಳಿತಾಗ ಮೌನ ಪಾಲಿಸುವ ಮಠದ ಪದ್ಧತಿ ನನಗೆ ನೆನಪಾಯಿತು.

ಇವೆಲ್ಲ ದೂರದೇಶದ ಕಥೆಗಳೆನ್ನಬೇಡಿ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಎಚ್.ಎ.ಎಲ್. ನಿಲ್ದಾಣದ ಓಡುದಾರಿಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಜನರಲ್ಲಿ 92 ಜನ ಮೃತಪಟ್ಟರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಾಸ್ತರ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಪತ್ರಿಕೆಯ ಸುದ್ದಿ ಓದಿ ಹೇಳಿದ್ದು ನೆನಪಿದೆ. ಹಗಲು ಹೊತ್ತು, ಹೊಚ್ಚಹೊಸ ವಿಮಾನ, ಮುಂದೆ ಕುಳಿತವರಿಬ್ಬರೂ ಕ್ಯಾಪ್ಟನ್ನರು; ಒಬ್ಬರು ಇನ್ನೊಬ್ಬರನ್ನು ಪರೀಕ್ಷಿಸುತ್ತಿದ್ದರು. ಆದರೆ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿದ್ದು ವಿಮಾನ ಇಳಿಯುತ್ತಲೇ ಹೋಗುವ ಸ್ಥಿತಿಯೊಂದರಲ್ಲಿ ಅದು ಸಿಕ್ಕಿಕೊಂಡಿತ್ತು. ಕೊನೆಯ ಅಮೂಲ್ಯ ಕ್ಷಣಗಳಲ್ಲಿ ಇಬ್ಬರ ನಡುವೆ ನಡೆದ ಮಾತು ದಿಕ್ಕು ತೋರಿಸುವ ಉಪಕರಣವೊಂದನ್ನು ಆರಿಸಿದ ಬಗ್ಗೆ: ಒಬ್ಬರದು ಆರಿತ್ತು, ಇನ್ನೊಬ್ಬರದು ಆರಿರಲಿಲ್ಲ. ಅಷ್ಟರಲ್ಲಿ ವೇಗ ಕುಸಿಯುತ್ತಿತ್ತು. ನಾನೂರು ಅಡಿ, ಮುನ್ನೂರು ಅಡಿ, ಇನ್ನೂರು ಅಡಿ ಎಂದು ಯಂತ್ರವೇ ಕೂಗಿ ಹೇಳುತ್ತಿತ್ತು. ಆ ಕೂಗುಗಳು ಕೇಳಿದ ಮೇಲೂ ಚಾಲಕರು ಸನ್ನಿವೇಶದ ಗಾಂಭೀರ್ಯವನ್ನು ಅರಿತು ಒಡನೆಯೇ ಪೂರ್ಣ ಶಕ್ತಿ ಕೊಡಲಿಲ್ಲವೆಂಬುದೇ ತನಿಖಾ ನ್ಯಾಯಾಲಯದ ನಿರ್ಣಯ.

ಇಪ್ಪತ್ತು ವರ್ಷಗಳ ಬಳಿಕ, 2010ರ ಮೇ 22ರ ಬೆಳಗಿನ ಆರು ಗಂಟೆಯ ಸುಮಾರಿಗೆ ಮಂಗಳೂರು. ದುಬೈನಿಂದ ರಾತ್ರಿಯಲ್ಲಿ ಹಾರಿ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ಓಡುದಾರಿಯನ್ನು ದಾಟಿ ಕಮರಿಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಜನರಲ್ಲಿ 158 ಜನ ತೀರಿಹೋದರು. ಉಳಿದವರು ಎಂಟೇ ಜನ. ಕೊಲ್ಲಿಯಲ್ಲಿ ದುಡಿದು ಊರಿನ ಮದುವೆಗೋ, ಹೆತ್ತವರನ್ನು ನೋಡಲೆಂದೋ ಬರುತ್ತಿದ್ದ ಕರಾವಳಿಯ, ಕಾಸರಗೋಡಿನ ಎಷ್ಟೊಂದು ಕುಟುಂಬಗಳ ದೀಪ ಅಂದು ಆರಿತೆಂಬುದನ್ನು ನೀವೂ ಬಲ್ಲಿರಿ.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಓದುವಾಗ ನಾನು ಹಲವು ಬಾರಿ ಪುಸ್ತಕ ಮುಚ್ಚಿಟ್ಟಂತೆ ಗಣಕಯಂತ್ರವನ್ನು ಆರಿಸಿ ಅಂಗಳಕ್ಕೆ ಹೋಗಿ ನಿಂತೆ. ಸುಮಾರು ಎರಡು ಗಂಟೆಯ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷದಷ್ಟು ಕಾಲ ಕ್ಯಾಪ್ಟನ್ನರು ನಿದ್ರೆಯಲ್ಲಿದ್ದರು. ಎದ್ದ ಸ್ವಲ್ಪ ಹೊತ್ತಿನಲ್ಲೇ ವಿಮಾನ ಇಳಿಸುವ ಕೆಲಸ. ನಿದ್ದೆಯಿಂದ ಎದ್ದ ಕೂಡಲೇ ಮನಸ್ಸು ಮಂಕಾಗಿರುವುದನ್ನು ನಾವೆಲ್ಲ ಬಲ್ಲೆವು. ಅದಕ್ಕೊಂದು ಶಾಸ್ತ್ರೀಯ ಹೆಸರೂ ಇದೆ, ‘ನಿದ್ರಾಜಡತೆ’ ಎನ್ನಬಹುದು. ಅಂದು ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಎಂದಿಗಿಂತ ತಡವಾಗಿ ಸಿಕ್ಕಿತ್ತು. ಅದಕ್ಕೆ ತಕ್ಕಂತೆ ಇಳಿಯುವ ಲೆಕ್ಕವನ್ನು ಹೊಂದಿಸಿಕೊಳ್ಳಲಿಲ್ಲ. ಹೀಗಾಗಿ ವಿಮಾನ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು, ವೇಗವೂ ಹೆಚ್ಚಿತ್ತು.

ಇಂಥ ಸ್ಥಿತಿಗೆ ವಿಮಾನ ಶಾಸ್ತ್ರದಲ್ಲಿ ಸರಳ ಪರಿಹಾರವಿದೆ. ಇಳಿಯುವ ಪ್ರಯತ್ನವನ್ನು ಕೈಬಿಟ್ಟು, ಶಕ್ತಿ ಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು. ಇದರಲ್ಲಿ ಅವಮಾನವಿಲ್ಲ, ಖರ್ಚಾಗುವುದು ಹತ್ತು ಹದಿನೈದು ನಿಮಿಷ ಮತ್ತು ಒಂದಿಷ್ಟು ಇಂಧನ. ಮಗ್ಗುಲಲ್ಲಿದ್ದ ಸಹಚಾಲಕರು ಅದನ್ನೇ ಹೇಳಿದರು. ಒಮ್ಮೆಯಲ್ಲ, ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ನರು ಮುಂದುವರಿದರು. 8,033 ಅಡಿ ಉದ್ದದ ಓಡುದಾರಿಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಬಳಿಕ ವೇಗ ತಗ್ಗಿಸಲು ಹೊರಟು, ಮತ್ತೆ ಮನಸ್ಸು ಬದಲಿಸಿ ಮೇಲೇರಲು ಯತ್ನಿಸಿದರು. ಓಡುದಾರಿ ಮುಗಿದಿತ್ತು.

ವರದಿಯ ಕೊನೆಯಲ್ಲಿ ಪೂರಕ ಕಾರಣಗಳನ್ನು ಪಟ್ಟಿ ಮಾಡಿದಲ್ಲಿ ಒಂದು ಅಂಶವಿದೆ. ಇಳಿಯುವುದನ್ನು ನಿಲ್ಲಿಸಲು ಸಹಚಾಲಕನಿಗಿರುವ ಅಧಿಕಾರದ ಬಗ್ಗೆ ಸೂಚನೆಗಳು ಅಸ್ಪಷ್ಟವಾಗಿದ್ದುದರಿಂದಲೋ ಏನೋ, ಅವರು ಮತ್ತೆ ಮತ್ತೆ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲವೆಂಬುದು ಅದರ ತಾತ್ಪರ್ಯ. ಇದನ್ನು ಓದಿದಾಗ ಆ ಹುಡುಗ ನನಗೆ ಈ ವರದಿಯನ್ನೇಕೆ ಕಳುಹಿಸಿದನೆಂದು ತಿಳಿಯಿತು. ಮೂರು ಬಾರಿ ಹೇಳಿದ್ದರು. ಖಡು ಮಾತ್ರ ಕಸಿದುಕೊಳ್ಳಲಿಲ್ಲ.

ಮಂಗಳೂರಿನ ದುರಂತ ನಡೆದು ಐದೇ ದಿನಕ್ಕೆ, ಮೇ 27ರಂದು, ಆಸ್ಟ್ರೇಲಿಯದ ಜೆಟ್‌ಸ್ಟಾರ್ ಸಂಸ್ಥೆಯ ವಿಮಾನವೊಂದು ಸಿಂಗಪುರದಲ್ಲಿ ಇಳಿಯುತ್ತಿತ್ತು. ಕ್ಯಾಪ್ಟನ್ನರ ಮೊಬೈಲಿಗೆ ಸಂದೇಶಗಳು ಬರತೊಡಗಿದವು. ಆರಿಸಲು ಮರೆತ ಮೊಬೈಲಿನಲ್ಲಿ ಅವರ ಲಕ್ಷ್ಯ ಸಿಕ್ಕಿಕೊಂಡಿತು. ಇಳಿಯುವ ಪಟ್ಟಿ ಓದುವುದು ಉಳಿಯಿತು, ಚಕ್ರಗಳು ಸಕಾಲಕ್ಕೆ ಇಳಿಯಲಿಲ್ಲ. ಅವರು ಹಟ ಹಿಡಿಯದೆ, ನೆಲ ಐದುನೂರು ಅಡಿಗಿಂತ ಸಮೀಪವಿದ್ದಾಗ ಮೇಲೇರಿ, ಸುತ್ತಿ ಬಂದು ಕ್ಷೇಮವಾಗಿ ಇಳಿದರು. ಯಾರಿಗೂ ಏನೂ ಆಗದ್ದರಿಂದ ಅದರ ನೆನಪು ಹೆಚ್ಚು ಜನರಿಗಿಲ್ಲ.

ಸರಿಯಾಗಿ ಹತ್ತು ವರ್ಷಕ್ಕೆ, 2020ರ ಮೇ 22ರಂದೇ, ಕರಾಚಿ. ಲಾಹೋರಿನಿಂದ ಬಂದ ಪಾಕಿಸ್ತಾನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್ ವಿಮಾನದ ಚಾಲಕರು ದಾರಿಯುದ್ದಕ್ಕೂ ಕೊರೋನಾದ ಕುರಿತು ಮಾತಾಡುತ್ತಿದ್ದರೆಂದು ಅಲ್ಲಿನ ವಿಮಾನಯಾನ ಸಚಿವರು ಸಂಸತ್ತಿನಲ್ಲಿ ತಿಳಿಸಿದರು. ಆ ದಿನಗಳಲ್ಲಿ ಯಾರ ಮನೆಯಲ್ಲಿ ಬೇರೆ ಮಾತಿತ್ತು? ನಮಗೆ ಅದು ಅರ್ಥವಾಗದ ಸಂಗತಿಯೇನಲ್ಲ. ವಿಮಾನ ತೀರ ಎತ್ತರದಲ್ಲಿದೆಯೆಂದು ನಿಯಂತ್ರಣ ಕೇಂದ್ರ ಎಚ್ಚರಿಸಿದರೂ ಇಳಿಯಲು ಮುಂದಾದರು. ಮೊದಲು ಇಳಿಸಿದ್ದ ಚಕ್ರಗಳನ್ನು ನಡುದಾರಿಯಲ್ಲಿ ಮತ್ತೆ ಮೇಲೆತ್ತಲಾಗಿತ್ತು. ಅದು ಗಮನಕ್ಕೆ ಬಾರದೆ ಎಂಜಿನ್ನುಗಳ ಮೇಲೆಯೇ ವಿಮಾನವನ್ನು ಇಳಿಸಿದರು. ಕಿಡಿ ಹಾರಿಸುತ್ತ ಓಡಿದ ಮೇಲೆ ಮತ್ತೆ ಆಕಾಶಕ್ಕೇರಿದರು. ಪೆಟ್ಟು ತಿಂದ ಎಂಜಿನ್ನುಗಳು ಎರಡೂ ನಿಂತವು. ವಿಮಾನ ಜನವಸತಿಯ ಮೇಲೆ ಬಿತ್ತು. ಒಳಗಿದ್ದ 99 ಜನರಲ್ಲಿ ಇಬ್ಬರೇ ಉಳಿದರು.

ಇಷ್ಟೆಲ್ಲ ವಿವರವನ್ನು ನಾನು ಅನ್ಯರ ತಪ್ಪು ಎಣಿಸಲೆಂದು ಬರೆಯುತ್ತಿಲ್ಲ. ಇನ್ನು ನನ್ನದನ್ನು ಹೇಳುತ್ತೇನೆ.

ತೊಂಬತ್ತರ ದಶಕದ ಒಂದು ವರ್ಷ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಪರಸ್ಥಳದ ಕೇಂದ್ರವೊಂದರಲ್ಲಿ ನನ್ನನ್ನು ಕೊಠಡಿ ಮೇಲ್ವಿಚಾರಕನನ್ನಾಗಿ ಹಾಕಿದ್ದರು. ಪಠ್ಯಕ್ರಮ ಬದಲಾದ ಸಮಯ; ಹೊಸ ಪಠ್ಯದ ಮಕ್ಕಳೂ, ಹಿಂದೆ ಅನುತ್ತೀರ್ಣರಾಗಿ ಹಳೆಯ ಪಠ್ಯದಲ್ಲೇ ಬರೆಯುವವರೂ ಒಂದೇ ಕೊಠಡಿಯಲ್ಲಿದ್ದರು. ಅಂದು ಗಣಿತ. ಮೇಜಿನ ಮೇಲೆ ಪ್ರಶ್ನೆಪತ್ರಿಕೆಗಳ ಎರಡು ಕಟ್ಟುಗಳು. ಮೇಲ್ವಿಚಾರಕರು ಮಾಡಬೇಕಾದ ಕೆಲಸಗಳ ಅಚ್ಚಾದ ಹಾಳೆಯೊಂದನ್ನು ನಮಗೆ ಕೊಟ್ಟಿದ್ದರು: ಕಟ್ಟಿನ ಸಂಕೇತ ನೋಡಬೇಕು, ನೋಂದಣಿ ಸಂಖ್ಯೆಯೊಡನೆ ತಾಳೆ ಹಾಕಬೇಕು, ಬಳಿಕ ಹಂಚಬೇಕು. ನಾನು ಆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಎಷ್ಟೋ ಪರೀಕ್ಷೆಗಳನ್ನು ಕಂಡವನು, ನನಗೇಕೆ ಹಾಳೆ?

ಹಂಚುತ್ತಿದ್ದಾಗ ಪಕ್ಕದ ಕೊಠಡಿಯ ಶಿಕ್ಷಕ ಮಿತ್ರರು ಬಾಗಿಲಿಗೆ ಬಂದು ವೇತನ ಬಾಕಿಯ ವಿಷಯವೆತ್ತಿದರು. ಯಾರಿಗೆ ಎಷ್ಟು ಬಂತು, ಯಾರ ಕಡತ ಎಲ್ಲಿ ನಿಂತಿತು. ಎರಡು ನಿಮಿಷದ ಮಾತು. ಮರಳಿ ಬಂದವನು ಎಡಗಾಲಿಯಿಂದ ಶುರು ಮಾಡಲಿಲ್ಲ. ಎಲ್ಲಿ ಬಿಟ್ಟಿದ್ದೆನೆಂದು ಅಂದಾಜಿಸಿ ಹಂಚಿದೆ.

ಕೊನೆಯ ಸಾಲಿನ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ “ಸರ್” ಎಂದಳು. ಪ್ರಶ್ನೆಪತ್ರಿಕೆಯ ಬಗ್ಗೆ ಏನೂ ಕೇಳುವಂತಿಲ್ಲವೆಂದೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಿಂತು, “ಸರ್, ಇದು ನಾವು ಓದಿದ್ದಲ್ರಿ” ಎಂದಳು. ಕೊಠಡಿಯಲ್ಲಿ ಯಾರೋ ನಕ್ಕರು. ನನಗೂ ನಗೆ ಬಂತು; ಓದದೆ ಬಂದವರು ಹೀಗೆ ಹೇಳುವುದುಂಟು. “ವರ್ಷಾನುಗಟ್ಟಲೆ ಏನ್ ಮಾಡಿದಿ? ಕುಂದ್ರು” ಎಂದು ಗದರಿದೆ. ಮೂರನೆಯ ಬಾರಿ ಅವಳು ಬಾಯಿ ತೆರೆದಳು, ಮಾತು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ನಾನು ಮುಖ ತಿರುಗಿಸಿ ಕಿಟಕಿಯ ಕಡೆ ಹೋದೆ.

ಮುಕ್ಕಾಲು ಗಂಟೆಯ ನಂತರ ಸಹಿ ಮಾಡಿಸಲು ಬಂದ ಹಿರಿಯರೊಬ್ಬರು ಅವಳ ಪತ್ರಿಕೆಯನ್ನು ನೋಡಿ, “ಇದು ಹಳೇ ಪಠ್ಯದ್ದು” ಎಂದರು. ಒಡನೆ ಬದಲಿಸಿಕೊಟ್ಟೆವು. ಹೋದ ಸಮಯವನ್ನು ಯಾರು ಕೊಡಬೇಕು? ಹೆಚ್ಚಿನ ಸಮಯ ಕೊಟ್ಟರೆ ಕಾರಣ ಬರೆಯಬೇಕು, ಕಾರಣ ಬರೆದರೆ ನನ್ನ ಮೇಲೆ ಕ್ರಮವಾಗುತ್ತದೆ. ನಾನು ಬಾಯಿ ಬಿಡಲಿಲ್ಲ, ಉಳಿದವರು ನನಗಾಗಿ ಸುಮ್ಮನಾದರು. ಅಂದಿನ ದಾಖಲೆಯಲ್ಲಿ ಪರೀಕ್ಷೆ ಸುಸೂತ್ರವಾಗಿ ನಡೆಯಿತೆಂದೇ ಇರಬೇಕು.

ಫಲಿತಾಂಶ ಬಂದಾಗ ಆ ಕೇಂದ್ರದ ಪಟ್ಟಿಯನ್ನು ಹುಡುಕಿಕೊಂಡು ಹೋಗಿ ನೋಡಿದೆ. ನೋಂದಣಿ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಗಣಿತವೊಂದರಲ್ಲೇ ಆಕೆ ನಪಾಸಾಗಿದ್ದಳು, ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕಗಳು. ಮರುಪರೀಕ್ಷೆಯಲ್ಲಿ ತೇರ್ಗಡೆಯಾದಳೆಂದೂ, ಅಷ್ಟರಲ್ಲಿ ಮನೆಯವರು ಮದುವೆ ಗೊತ್ತು ಮಾಡಿದರೆಂದೂ ಆಮೇಲೆ ಕೇಳಿಬಂತು. ನನ್ನಿಂದಲೇ ಆಕೆಯ ಓದು ನಿಂತಿತೆಂದು ಖಚಿತವಾಗಿ ಹೇಳಲಾರೆ. ನನ್ನಿಂದಲ್ಲವೆಂದು ಹೇಳುವ ಧೈರ್ಯವಂತೂ ನನಗಿಲ್ಲ. ಹಲವು ವರ್ಷಗಳ ತರುವಾಯ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ನನ್ನನ್ನು ಕಂಡು, “ನಮಸ್ಕಾರ್ರೀ ಸರ್” ಎಂದಳು. ಗುರುತು ಹಿಡಿದೆ. “ಆರಾಮ ಇದ್ದೀಯೇನಮ್ಮಾ” ಎಂದು ಕೇಳಿದೆ. ಕೇಳಬೇಕಾದ ಕ್ಷಮೆಯನ್ನು ಕೇಳಲಿಲ್ಲ. ಜನಜಂಗುಳಿಯಲ್ಲಿ ಆಕೆ ಮುಂದೆ ಹೋದಳು.

ಮಿತ್ರರೇ, ವಿಮಾನ ಇಳಿಸುವುದಕ್ಕೂ ಪ್ರಶ್ನೆಪತ್ರಿಕೆ ಹಂಚುವುದಕ್ಕೂ ಅಜಗಜಾಂತರವೆಂದು ಬಲ್ಲೆ. ಅಲ್ಲಿ ನೂರಾರು ಪ್ರಾಣಗಳು, ಇಲ್ಲಿ ಒಂದು ವರ್ಷದ ಓದು. ಆದರೆ ತಪ್ಪಿನ ಬೇರು ಎರಡು ಕಡೆಯೂ ಒಂದೇ ಮಣ್ಣಿನಲ್ಲಿದೆ. ಪಟ್ಟಿ ಕೈಯಲ್ಲಿತ್ತು, ಅನುಭವದ ಸೊಕ್ಕು ಅದನ್ನು ಮಡಚಿ ಕಿಸೆಗೆ ಹಾಕಿತು. ನಡುವೆ ಬಂದ ಮಾತು ಲಕ್ಷ್ಯವನ್ನು ಒಯ್ದಿತು. ತಪ್ಪನ್ನು ಕಂಡವರು ಪಕ್ಕದಲ್ಲೇ ಇದ್ದರು, ಹೇಳಿದರು, ಮೂರು ಬಾರಿ ಹೇಳಿದರು. ಅವರು ಚಿಕ್ಕವರಾದ್ದರಿಂದ ದೊಡ್ಡವನ ಕಿವಿಗೆ ಅದು ಕೇಳಿಸಲಿಲ್ಲ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕುಗ್ಗಿಸುತ್ತದೆ. ವಿಮಾನದಲ್ಲಿ ಧ್ವನಿಪೆಟ್ಟಿಗೆಯಿರುತ್ತದೆ, ಸತ್ತವರ ತಪ್ಪೂ ಬಯಲಾಗಿ, ಅದನ್ನು ಓದಿ ಬದುಕಿರುವವರು ತಿದ್ದಿಕೊಳ್ಳುತ್ತಾರೆ. ನನ್ನ ಕೊಠಡಿಯಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ. ಇದ್ದುದು ನನ್ನ ಬಾಯಿ, ಅದನ್ನು ಮುಚ್ಚಿಕೊಂಡಿದ್ದೆ.

ಆ ವರ್ಷದ ಜೂನ್ ತಿಂಗಳಲ್ಲಿಯೇ ಮೂರನೆಯ ಮಾತಿನ ಕಾಯ್ದೆ ನಮ್ಮ ವರ್ಗಕ್ಕೆ ಬಂದದ್ದು. ಮೂರನೆಯ ಬಾರಿಗೆ ಬಾಯಿಮಾತು ಬೇಡವೆಂದು ನಾನೇಕೆ ಅಷ್ಟು ಒತ್ತಿ ಹೇಳುತ್ತಿದ್ದೆನೆಂದು ಈಗ ನಿಮಗೆ ತಿಳಿದಿರಬಹುದು. ಮೂರನೆಯ ಬಾರಿ ಆ ಹುಡುಗಿಗೆ ಮಾತು ಬಂದಿರಲಿಲ್ಲ. ನಾನು ಅದನ್ನು ಶಿಕ್ಷಣಶಾಸ್ತ್ರದ ಹೊಸ ವಿಧಾನವೆಂದು ಭಾವಿಸಿದ ನೀವು ನನ್ನನ್ನು ಮೆಚ್ಚಿಕೊಂಡಿರಿ, ಬೀಳ್ಕೊಡುಗೆಯ ಸಭೆಯಲ್ಲಿ ಹೊಗಳಿದಿರಿ. ಆ ಹೊಗಳಿಕೆಗೆ ನಾನು ಅರ್ಹನಲ್ಲ. ಅದು ನನ್ನ ಪ್ರಾಯಶ್ಚಿತ್ತವಾಗಿತ್ತು. ಅದರ ಬೆಲೆ ತೆತ್ತವಳು ನಿಮ್ಮ ವರ್ಗದವಳಲ್ಲದ, ನೀವು ಕಾಣದ ಒಬ್ಬ ಹುಡುಗಿ.

ನಿಮ್ಮಲ್ಲಿ ಈಗ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಬಸ್ಸು ನಡೆಸುವವರಿದ್ದೀರಿ, ವಿದ್ಯುತ್ ಕಂಬ ಹತ್ತುವವರಿದ್ದೀರಿ, ನನ್ನಂತೆ ಮಾಸ್ತರಿಕೆ ಮಾಡುವವರಿದ್ದೀರಿ. ಕೆಲಸ ರೂಢಿಯಾದಷ್ಟೂ ಪಟ್ಟಿಯನ್ನು ಕಿಸೆಯಿಂದ ಹೊರಗಿಡಿ. ನಡುವೆ ಯಾರಾದರೂ ಕರೆದರೆ, ಮೊಬೈಲು ಕೂಗಿದರೆ, ಮತ್ತೆ ಎಡಗಾಲಿಯಿಂದ ಶುರು ಮಾಡಿ. ಹೊತ್ತಾಯಿತೆಂದು ಗೊಣಗುವವರು ಗೊಣಗಲಿ. ನಿಮ್ಮ ಕೈಕೆಳಗಿನ ಚಿಕ್ಕವರಿಗೆ ನಿಮ್ಮ ಕೈಯ ಖಡುವನ್ನು ಕಸಿದುಕೊಳ್ಳುವ ಅಧಿಕಾರವನ್ನು ಮುಂಚಿತವಾಗಿಯೇ, ಎಲ್ಲರ ಎದುರಿಗೆ ಕೊಟ್ಟಿರಿ. ಆಪತ್ತಿನ ಹೊತ್ತಿನಲ್ಲಿ ಅದನ್ನು ಕೊಡಲು ಸಮಯವಿರುವುದಿಲ್ಲ.

ಕೊನೆಯದಾಗಿ, ಗೊಡಚಿಯ ಜಾತ್ರೆಯಲ್ಲಿ ನನಗೆ ನಮಸ್ಕಾರ ಹೇಳಿದ ಆ ತಾಯಿಗೆ ಒಂದು ಮಾತು. ಈ ಬರಹ ನಿನ್ನ ಕಣ್ಣಿಗೆ ಬೀಳುವುದೋ ಇಲ್ಲವೋ. ನಿನ್ನ ಮಕ್ಕಳು ಓದಿ ಹೇಳಿದರೂ ಹೇಳಬಹುದು. ಅಂದು ನೀನು ಹೇಳಿದ್ದು ಸರಿಯಿತ್ತಮ್ಮಾ. ಅದು ನೀನು ಓದಿದ್ದಾಗಿರಲಿಲ್ಲ. ತಪ್ಪು ನನ್ನದು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು, ಕ್ಷಮಿಸು.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮಾಸ್ತರ,
ಸಾಲಹಳ್ಳಿ